ಅವ್ವನಿಗೆ ಸೇರುತ್ತಿದ್ದದ್ದು

"ಅತ್ತ್ಯಾರಿಗೆ ಏನು ಸೇರತಿತ್ತರಿ?" ಎಂದು ಒಳಗಿನಿಂದ ಸರೋಜವ್ವ ಕೇಳಿದಾಗ ಶಿದ್ಲಿಂಗಪ್ಪ ಸ್ಟೂಲಿನ ಮೇಲೆ ನಿಂತು ಖಾನಾವಳಿಯ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಇವತ್ತು ಖಾನಾವಳಿ ಬಂದ್. ಮಹಾನವಮಿ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಅವ್ವ ತೀರಿಕೊಂಡ ಮೇಲೆ ಬಂದ ಮೊದಲನೆಯದು. ಹೊಸ ಸೀರೆ ಮಡಿಸಿಟ್ಟು, ಅದರ ಮುಂದೆ ವಿಭೂತಿ ಹಚ್ಚಿದ ತಂಬಿಗೆ ಇಟ್ಟು, ಹೋದವರಿಗೆ ಬದುಕಿದ್ದಾಗ ಯಾವುದು ಸೇರುತ್ತಿತ್ತೋ ಅದನ್ನೇ ಮಾಡಿ ಬಡಿಸಬೇಕು. ಸೇರದ್ದನ್ನು ಬಡಿಸಿದರೆ ಹಿರಿಯರು ಹೊಸ್ತಿಲಿನವರೆಗೆ ಬಂದು ಹಸಿದು ಹೊರಳಿಹೋಗುತ್ತಾರೆ ಎಂದು ಅವ್ವನೇ ಹೇಳುತ್ತಿದ್ದಳು. ಅಪ್ಪನ ಎಡೆಗೆ ಅವಳು ತಪ್ಪದೆ ಹುರುಳಿಕಟ್ಟಿನ ಸಾರು ಮಾಡುತ್ತಿದ್ದಳು, ಅಜ್ಜನಿಗೆ ಕರಿಗಡಬು. ಯಾರಿಗೆ ಏನೆಂದು ಅವಳಿಗೆ ಬಾಯಿಪಾಠ. ಶಿದ್ಲಿಂಗಪ್ಪ ಬಟ್ಟೆ ಹಿಂಡಿದ. ಕೊಳೆನೀರು ಮೊಣಕೈವರೆಗೆ ಹರಿಯಿತು. ಇಷ್ಟು ಸುಲಭದ ಪ್ರಶ್ನೆಗೆ ಉತ್ತರ ಬಾಯಿಗೆ ಬಾರದೆ ಇರುವುದು ಅವನಿಗೆ ಮೊದಲು ಮರೆವು ಎನ್ನಿಸಿತು, ಆಮೇಲೆ ಅಲ್ಲ ಎನ್ನಿಸಿತು.

"ಯಾಕ, ನಿನಗ ಗೊತ್ತಿಲ್ಲೇನು? ದಿನಾ ಒಂದ ಒಲಿ ಮುಂದ ಇದ್ದಾಕಿ."

"ನಾ ಬಂದು ಆರು ವರ್ಷ ಆತ್ರಿ, ಅವರು ಉಂಡದ್ದ ನಾ ನೋಡಿಲ್ಲ. ನೀ ಮದಲ ಉಣ್ಣವಾ, ನಂದೇನೈತಿ ಅಂತಿದ್ರು. ನಾ ಉಂಡು ಕೈ ತೊಳಕೊಂಡು ಬರೂದರಾಗ ಅವರ ತಾಟು ತೊಳದು ಬೋರಲ ಹಾಕಿರತಿದ್ರು. ಮಗ ನೀವು. ನಿಮಗ ಗೊತ್ತಿರಬೇಕು."

"ಮಾದಲಿ ಮಾಡು," ಎಂದ ಶಿದ್ಲಿಂಗಪ್ಪ.

ಒಳಗೆ ಸರೋಜವ್ವ ನಕ್ಕದ್ದು ಕೇಳಿಸಿತು. "ಮಾದಲಿ ನಿಮಗ ಸೇರೋದಲ್ಲೇನ್ರಿ?"

"ಆಕಿಗೂ ಸೇರತಿತ್ತು," ಎಂದು ಬೋರ್ಡಿಗೆ ಹೇಳಿದಂತೆ ಹೇಳಿದ.

ಅವ್ವ ಉಣ್ಣುತ್ತಿರುವುದನ್ನು ನೋಡಲು ಅವನು ಪ್ರಯತ್ನಪಟ್ಟ. ಸ್ಟೂಲಿನಿಂದ ಇಳಿದು ಕಟ್ಟೆಯ ಮೇಲೆ ಕುಳಿತು, ಎದುರಿನ ರಸ್ತೆಯಲ್ಲಿ ಪುಣೆಯ ಕಡೆ ಹೋಗುವ ಲಾರಿಗಳು ಧೂಳೆಬ್ಬಿಸುವುದನ್ನು ನೋಡುತ್ತ ಪ್ರಯತ್ನಪಟ್ಟ. ಬಂದದ್ದೆಲ್ಲ ಅವ್ವನ ಕೈ. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಹಿಟ್ಟು ನಾದುವ ಕೊಣ್ಣಿಗೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಕೈ. ಆ ಸದ್ದಿಗೇ ಶಿಗ್ಗಾಂವದ ಅರ್ಧ ಪೇಟೆ ಏಳುತ್ತಿತ್ತು ಎಂದು ದಲಾಲಿ ಅಂಗಡಿಯವರು ಚೇಷ್ಟೆ ಮಾಡುತ್ತಿದ್ದರು. ಮೊದಲ ರೊಟ್ಟಿ ಜಂಗಮನಿಗೆ ಎಂದು ಎತ್ತಿಡುವ ಕೈ. ಕಾಳಿನ ಪೇಟೆಯ ಹಮಾಲರಿಗೆ, ಲಾರಿ ಡ್ರೈವರುಗಳಿಗೆ, ಹಳ್ಳಿಯಿಂದ ಬಂದು ರೂಮು ಮಾಡಿಕೊಂಡಿದ್ದ ಹೈಸ್ಕೂಲಿನ ಹುಡುಗರಿಗೆ ಪಂಕ್ತಿಯುದ್ದಕ್ಕೂ ಬಾಗಿ ಬಾಗಿ ಪಲ್ಯ ಬಡಿಸುವ ಕೈ. ಗಂಡ ಸತ್ತ ಮೂರನೆಯ ತಿಂಗಳಿಗೆ, ಅಕ್ಕಿಆಲೂರಿನ ತವರಿಗೆ ಹೋಗಿ ಬಿದ್ದುಕೊಳ್ಳದೆ, ಇದೇ ಮನೆಯ ಮುಂಬಾಗಿಲಿಗೆ ಬೋರ್ಡು ಹಾಕಿಸಿದ ತಿಪ್ಪವ್ವನ ಕೈ. ಆ ಕೈ ಒಂದು ಸಲವೂ ಅವಳದೇ ಬಾಯಿಯ ಕಡೆ ಏಳಲಿಲ್ಲ. ಹೆತ್ತ ತಾಯಿಯ ಜೊತೆ ಇಪ್ಪತ್ತೇಳು ವರ್ಷ ಒಂದೇ ಸೂರಿನಡಿ ಬದುಕಿದವನಿಗೆ ಅವಳು ಒಂದು ತುತ್ತು ನುಂಗಿದ ನೆನಪಿಲ್ಲ. ಊರಿಗೆಲ್ಲ ಗೊತ್ತಾದರೆ ನಗುತ್ತಾರೆ.

"ಇರಲಿ ಬಿಡ್ರಿ," ಎಂದಳು ಸರೋಜವ್ವ ಬಾಗಿಲಿಗೆ ಬಂದು, ಕೈಯ ಹಿಟ್ಟು ಕೊಡವುತ್ತ. "ಮಾದಲಿ ಮಾಡೇ ಮಾಡ್ತೇನಿ. ಹೆಂಗೂ ಮಾಸ್ತರು ಬರ್ತಾರಲ್ಲ, ಅವರಿಗೂ ಒಂದು ಮಾತು ಕೇಳಿದರಾತು. ಅವರಿಗೆ ಗೊತ್ತಿರತೈತಿ."

ಪಾಪ, ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಶಿದ್ಲಿಂಗಪ್ಪನಿಗೆ ಮಾತ್ರ ಎದೆಯಲ್ಲಿ ಹಳೆಯ ಉರಿ ಎದ್ದಿತು. ಅವರಿಗೆ ಗೊತ್ತಿರುತ್ತದೆ. ಹೌದು, ಅವರಿಗೆ ಎಲ್ಲ ಗೊತ್ತಿರುತ್ತದೆ. ಗೊಟಗೋಡಿಯ ಮೈಲಾರಲಿಂಗಪ್ಪನಿಗೆ ಗೊತ್ತಿಲ್ಲದ ಅವ್ವ ಈ ಮನೆಯಲ್ಲಿ ಯಾವ ಮೂಲೆಯಲ್ಲಿದ್ದಾಳೆ? ಈಗ ಹಿರೇಕೆರೂರಿನಲ್ಲಿ ಮಾಸ್ತರಿಕೆ ಮಾಡುತ್ತಿರುವ ಈ ಮನುಷ್ಯ ಐವತ್ತನಾಲ್ಕನೆಯ ಇಸವಿಯಲ್ಲಿ ಹೈಸ್ಕೂಲು ಕಲಿಯಲು ಒಂದು ಟ್ರಂಕು ಹೊತ್ತು ಖಾನಾವಳಿಯ ಮೆಟ್ಟಿಲು ಹತ್ತಿದ್ದ. ಜೊತೆಗೆ ಬಂದ ಅವನ ಅಪ್ಪ ತಿಪ್ಪವ್ವನಿಗೆ ಕೈಮುಗಿದು, "ತಾಯಿ ಇಲ್ಲದ ಹುಡುಗ ರೀ ಯವ್ವಾ, ಸ್ವಲ್ಪ ನೋಡಿಕೋರಿ" ಎಂದಿದ್ದ. ಆ ಒಂದು ಮಾತು ಸಾಕಾಯಿತು. ತಾಯಿ ಇಲ್ಲದ ಹುಡುಗ ಎಂದು ಅವನಿಗೆ ಕೆನೆಮೊಸರು. ತಾಯಿ ಇಲ್ಲದ ಹುಡುಗ ಎಂದು ಜ್ವರ ಬಂದಾಗ ಅವನ ರೂಮಿಗೆ ಗಂಜಿ. ಅವ್ವನ ಮಗ್ಗುಲಲ್ಲೇ ಮಲಗುತ್ತಿದ್ದ ಶಿದ್ಲಿಂಗಪ್ಪನಿಗೆ ಒಮ್ಮೆ, ಹದಿಮೂರರ ವಯಸ್ಸಿನಲ್ಲಿ, ತನಗೂ ತಾಯಿ ಇಲ್ಲದಿದ್ದರೆ ಒಳ್ಳೆಯದಿತ್ತು, ಆಗ ಅವ್ವ ತನ್ನನ್ನೂ ಹೀಗೆ ನೋಡಿಕೊಳ್ಳುತ್ತಿದ್ದಳು ಎನ್ನಿಸಿತ್ತು. ಅದು ಎಂಥ ಹುಚ್ಚು ಲೆಕ್ಕ ಎಂದು ಆಗಲೇ ಗೊತ್ತಾಗಿ ಹೆದರಿ, ಅವ್ವನ ಸೆರಗು ಹಿಡಿದು ಮಲಗಿದ್ದ. ಆ ಹೆದರಿಕೆ ಅವಳು ಸತ್ತ ದಿನ ಮತ್ತೆ ಬಂತು. ತಾನು ಬೇಡಿದ್ದು ಇಷ್ಟು ತಡವಾಗಿ, ಯಾರಿಗೂ ಉಪಯೋಗವಿಲ್ಲದಂತೆ ಕೈಗೂಡಿತೇನೋ ಎಂದು.

ಪಂಕ್ತಿಗೆ ಕುಳಿತ ಮೇಲೆ ಎಲ್ಲರೂ ಒಂದೇ ಎಂಬುದು ಅವ್ವನ ಕಾನೂನು. ಮಗನಿಗೆ ಎರಡು ಹೋಳು ಹೆಚ್ಚು ಹಾಕಿದಳು ಎಂದು ದುಡ್ಡು ಕೊಟ್ಟು ಉಣ್ಣುವವರು ಅನ್ನಬಾರದು. ಆದ್ದರಿಂದ ಶಿದ್ಲಿಂಗಪ್ಪ ಹುಡುಗರ ನಡುವೆ ಎಲ್ಲಿ ಜಾಗ ಸಿಕ್ಕೀತೋ ಅಲ್ಲಿ ಕೂರಬೇಕು, ಅವನ ಪಾಳಿ ಬಂದಾಗಲೇ ಅವನಿಗೆ ಬೀಳಬೇಕು, ಪಲ್ಯ ಮುಗಿದಿದ್ದರೆ ಮುಗಿಯಿತು. ಊರೆಲ್ಲ ಇದನ್ನು ಹೊಗಳಿತು. ತಿಪ್ಪವ್ವ ಅಂದರೆ ತಿಪ್ಪವ್ವ, ಹಡೆದ ಮಗನಿಗೂ ಭೇದ ಮಾಡುವುದಿಲ್ಲ ಎಂದರು. ಭೇದ ಮಾಡದಿರುವುದನ್ನು ಹಡೆದ ಮಗನಿಂದಲೇ ಶುರುಮಾಡಬೇಕಿತ್ತೇ ಎಂದು ಯಾರೂ ಕೇಳಲಿಲ್ಲ. ಅದೂ ಹೋಗಲಿ, ಮೈಲಾರಿಯ ತಾಟಿನ ಮುಂದೆ ಬಂದಾಗ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಹೆಚ್ಚು ಬಡಿಸುತ್ತಿರಲಿಲ್ಲ, ನಿಲ್ಲುತ್ತಿತ್ತು ಅಷ್ಟೇ. ಸಾಕೇನು ಎಂದು ಕಣ್ಣಲ್ಲಿ ಕೇಳುತ್ತಿದ್ದಳು. ತನ್ನ ಮುಂದೆ ಆ ಕೈ ನಿಂತದ್ದಿಲ್ಲ. ನಿಂತಿತ್ತೋ ಏನೋ, ತಾನು ತಲೆ ಎತ್ತಿ ನೋಡುತ್ತಿರಲಿಲ್ಲವೋ ಏನೋ. ಈ ಅನುಮಾನವನ್ನು ಅವನು ಎಷ್ಟೋ ಸಲ ಬಿಚ್ಚಿ ನೋಡಿ, ತನಗೆ ಬೇಕಾದಂತೆ ಮಡಚಿ ಇಟ್ಟಿದ್ದ. ಕೈಲಾಗದವನು ಮೈಯೆಲ್ಲ ಪರಚಿಕೊಂಡ ಎನ್ನುತ್ತಾರಲ್ಲ, ಹಾಗೆ.

ಸೋದರಮಾವ ಗುದ್ಲೆಪ್ಪ ಅಕ್ಕಿಆಲೂರಿನ ಮೊದಲ ಬಸ್ಸಿಗೆ ಬಂದಿಳಿದ. ಹೆಗಲ ಮೇಲೆ ಅಕ್ಕಿಯ ಗಂಟು. ಅಕ್ಕನ ಎಡೆಗೆ ತವರಿನ ಅಕ್ಕಿಯೇ ಆಗಬೇಕೆಂದು ಗಿರಣಿಯಲ್ಲಿ ನಿಂತು ಭತ್ತ ಮಿಲ್ಲು ಮಾಡಿಸಿಕೊಂಡು ಬಂದಿದ್ದ. ಕಾಲು ತೊಳೆದು ಕುಳಿತವನೇ, "ಏನವಾ ಸರೋಜಾ, ತಿಪ್ಪಕ್ಕಗ ಸೇರತಿದ್ದದ್ದ ಮಾಡಾಕತ್ತೀಯಿಲ್ಲೋ?" ಎಂದು ಕೇಳಿದ. ಮಾದಲಿ ಎಂದು ಕೇಳಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ತಡೆದ.

"ಮಾದಲಿ? ಸಣ್ಣಾಕಿದ್ದಾಗ ಆಕಿ ಸಿಹಿಗೆ ಮೂಗು ಮುರೀತಿದ್ಲಲ್ಲೋ ಶಿದ್ಲಿಂಗಾ."

"ಆಮ್ಯಾಲ ಸೇರತಿತ್ತು ಮಾವ."

"ಇರಬೇಕಪ್ಪ. ನನಗೆಲ್ಲಿ ನೆನಪೈತಿ. ಹನ್ನೆರಡಕ್ಕ ಲಗ್ನ ಮಾಡಿ ಕೊಟ್ಟಿವಿ." ಗುದ್ಲೆಪ್ಪ ಎಲೆ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಅಗಿದ. "ನೋಡು, ಆಕಿ ಉಣಸಾಕಿ. ಉಣ್ಣಾಕಿ ಅಲ್ಲ. ಅಂಥವರಿಗೆ ಎಡಿ ಮಾಡೂದು ಭಾಳ ಕಷ್ಟ. ಮೈಲಾರಿ ಬರ್ತಾನಿಲ್ಲೋ? ಅಂವನ್ನ ಒಂದು ಮಾತು ಕೇಳು."

ಇವನೂ ಅದನ್ನೇ ಅಂದ. ಶಿದ್ಲಿಂಗಪ್ಪ ಎದ್ದು ಹಿತ್ತಲಿಗೆ ಹೋಗಿ ಸುಮ್ಮನೆ ಬಾವಿಯಿಂದ ಎರಡು ಕೊಡ ನೀರು ಸೇದಿ ಚೆಲ್ಲಿದ. ಸಮಾಧಿಯ ದಿನ ಹಿಡಿ ವಿಭೂತಿ ಹಾಕಲು ಮೈಲಾರಲಿಂಗಪ್ಪ ಮುಂದೆ ಬಂದಾಗ ಸವಣೂರಿನ ಕಡೆಯ ಯಾರೋ ನೆಂಟರು, "ಇವರು ದೊಡ್ಡ ಮಗ ಏನ್ರಿ?" ಎಂದು ಕೇಳಿದ್ದರು. ಅತ್ತು ಅತ್ತು ಮೈಲಾರಲಿಂಗಪ್ಪನ ಮುಖ ಬಾತುಹೋಗಿತ್ತು, ಕೇಳಿದವರ ತಪ್ಪೇನಲ್ಲ. ಶಿದ್ಲಿಂಗಪ್ಪನಿಗೆ ಆ ಹೊತ್ತಿಗೆ ಅಳು ಬಂದಿರಲಿಲ್ಲ. ನೆಂಟರ ಮಾತು ಕೇಳಿದ ಮೇಲಂತೂ ಬರಲೇ ಇಲ್ಲ. ಅಳಬೇಕಾದ ಹೊತ್ತಿನಲ್ಲಿ ಅವನು ಇನ್ನೊಬ್ಬನ ಕಣ್ಣೀರು ನೋಡುತ್ತ, ಇದು ಹೆಚ್ಚಾಯಿತು, ಇಷ್ಟು ಬೇಕಾಗಿರಲಿಲ್ಲ ಎಂದು ಮನಸ್ಸಿನಲ್ಲೇ ಕಡಿಮೆ ಮಾಡುತ್ತ ನಿಂತಿದ್ದ.

ಮ್ಯಾಟ್ರಿಕ್ಕಿನಲ್ಲಿ ಮೈಲಾರಿ ಪಾಸಾದ ವರ್ಷ ಅವ್ವ ಪಂಕ್ತಿಗೆಲ್ಲ ಸಕ್ಕರೆ ಹಂಚಿದ್ದಳು. ಎರಡು ವರ್ಷದ ಮೇಲೆ ಶಿದ್ಲಿಂಗಪ್ಪ ಫೇಲಾದಾಗ, "ಆಗಲಿ ಬಿಡು, ನನಗೂ ಕೈಗೊಬ್ಬಾಂವ ಬೇಕಾಗಿತ್ತು" ಎಂದು ಅವನ ಕೈಗೆ ದುಡ್ಡಿನ ಗಲ್ಲೆಯ ಕೀಲಿ ಕೊಟ್ಟಿದ್ದಳು. ಅದು ಪ್ರೀತಿಯೇ ಇದ್ದೀತು. ಆದರೆ ಸಕ್ಕರೆ ಹಂಚಿದ ಕೈಯಿಂದ ಕೀಲಿ ಪಡೆಯುವುದು ಸುಖವಲ್ಲ. ಆಮೇಲೆ ಹಿರೇಕೆರೂರು. ಮೈಲಾರಲಿಂಗಪ್ಪನ ಹೆಂಡತಿಗೆ ಚೊಚ್ಚಲ ಹೆರಿಗೆ. ಆ ಹುಡುಗಿಗೂ ತವರಿನಲ್ಲಿ ದಿಕ್ಕಿಲ್ಲ. ಅವ್ವ ಖಾನಾವಳಿಯನ್ನು ಸರೋಜವ್ವನ ಕೈಗಿಟ್ಟು, ಬಾಣಂತಿಗೆಂದು ಒಣಕೊಬ್ಬರಿ, ಅಂಟು, ಅಳವಿ ಕಟ್ಟಿಕೊಂಡು ಹಿರೇಕೆರೂರಿನ ಬಸ್ಸು ಹತ್ತಿದವಳು ತಿಂಗಳಾದರೂ ಬರಲಿಲ್ಲ. ಅದೇ ಅವಳು, ಶಿದ್ಲಿಂಗಪ್ಪನ ಸ್ವಂತ ಮಗಳು ಹುಟ್ಟಿದಾಗ, ಬಾಣಂತನ ತವರಿನವರ ಪಾಲಿನದು ಎಂದು ಸಂಪ್ರದಾಯ ಹೇಳಿ ಹಾನಗಲ್ಲಿನ ಬೀಗರ ಮನೆಗೆ ತೊಟ್ಟಿಲ ದಿನ ಮಾತ್ರ ಹೋಗಿ ಬಂದಿದ್ದಳು. ಹಿರೇಕೆರೂರಿನಿಂದ ಬಂದ ಮೇಲೆ ಅವಳ ಬಾಯಲ್ಲಿ ಆ ಕೂಸಿನದೇ ಮಾತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಶಿದ್ಲಿಂಗಪ್ಪ ಒಮ್ಮೆ ಅಂದುಬಿಟ್ಟ. ಅವ್ವ ಅವನನ್ನು ನೋಡಿದಳು. ಕೋಪವಿರಲಿಲ್ಲ ಆ ನೋಟದಲ್ಲಿ. "ನೀ ಮನಿಯಾಂವ ಅದೀಯಪ್ಪ," ಎಂದಳು. "ಮನಿಯವರಿಗೆ ಯಾರಾರ ಉಪಚಾರ ಮಾಡತಾರೇನು?" ಆ ಮಾತನ್ನೂ ಅವನು ತನಗೆ ವಿರೋಧವಾಗಿಯೇ ಜಮಾ ಮಾಡಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಮೈಲಾರಲಿಂಗಪ್ಪ ಬಂದ. ಬಿಳಿ ಧೋತರ, ಮೇಲೊಂದು ಕೋಟು, ಬೆವರಿದ ಹಣೆಯ ಮೇಲೆ ವಿಭೂತಿ ಅರ್ಧ ಅಳಿಸಿತ್ತು. ಹೊಸ್ತಿಲಿಗೆ ಹಣೆ ಹಚ್ಚಿ ಒಳಗೆ ಬಂದ. ಶಿದ್ಲಿಂಗಪ್ಪನ ಹೆಗಲ ಮೇಲೆ ಕೈಯಿಟ್ಟು, "ಆರಾಮೇನೋ ತಮ್ಮಾ" ಎಂದ. ಈ ತಮ್ಮಾ ಎಂಬುದು ಶಿದ್ಲಿಂಗಪ್ಪನಿಗೆ ಯಾವಾಗಲೂ ಮೈಮೇಲೆ ಹುಳು ಬಿಟ್ಟಂತೆ. ಯಾರು ಕೊಟ್ಟ ಅಧಿಕಾರ? ಅದಕ್ಕೆ ಉತ್ತರವಾಗಿ ಅವನು ಮಾಸ್ತರಿಗೆ ತಪ್ಪದೆ ಬಹುವಚನ ಹಚ್ಚುತ್ತಿದ್ದ. ಮರ್ಯಾದೆಗೆ ಮರ್ಯಾದೆ, ದೂರಕ್ಕೆ ದೂರ.

"ಬರ್ರಿ ಮಾಸ್ತರ, ಕುಂದರ್ರಿ."

ಮೈಲಾರಲಿಂಗಪ್ಪ ಕೂರಲಿಲ್ಲ. ಅವನ ಕೈಯಲ್ಲಿ ಎಣ್ಣೆ ಕುಡಿದು ಮೆತ್ತಗಾದ ಒಂದು ಕಾಗದದ ಪೊಟ್ಟಣ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಸುತ್ತ ನೋಡಿ, "ಹಿತ್ತಲಕಡೆ ಬಾ ಸ್ವಲ್ಪ, ಒಂದು ಮಾತೈತಿ" ಎಂದ. ಬಾವಿಯ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಅಲ್ಲಿಗೆ ಒಳಗಿನ ಮಾದಲಿಯ ಹುರಿದ ಗೋಧಿಯ ವಾಸನೆ ಬರುತ್ತಿತ್ತು.

"ಸವಣೂರಮ್ಯಾಲೆ ಸುತ್ತು ಹಾಕಿ ಬಂದೆ. ಇದು ಎಡಿಗೆ," ಎಂದ ಮೈಲಾರಲಿಂಗಪ್ಪ. "ಒಲಿ ಹಚ್ಚಿ ಮಡಿಲೆ ಮಾಡಿದ್ದ ಇಡಬೇಕು, ಕೊಂಡದ್ದು ಇಡಬಾರದು ಅಂತ ನನಗೂ ಗೊತ್ತೈತಿ. ಆದರ ಆಕಿಗೆ ಇದ ಸೇರತಿತ್ತಪಾ. ಮೆಣಸಿನಕಾಯಿ ಭಜಿ. ಎಲಿ ಸಂತಿ ಮೂಲ್ಯಾಗ ಚಾಂದಬಿ ಅಂತ ಒಬ್ಬಾಕಿ ಒಲಿ ಇಟಗೊಂಡು ಕುಂತಿರತಿದ್ಲು. ಈಗೂ ಅದಾಳ, ಮುದುಕಿ ಆಗ್ಯಾಳ. ತಿಪ್ಪವ್ವ ಹ್ವಾದ್ಲು ಅಂದ ಕೂಡಲೆ ಭಜಿ ತಗಿಯೂ ಝಾರಿ ಕೆಳಗಿಟ್ಟು ಅತ್ಲು."

ಸವಣೂರು ಎಂದ ಕೂಡಲೇ ಶಿದ್ಲಿಂಗಪ್ಪನಿಗೆ ಎಲೆಬುಟ್ಟಿ ಕಂಡಿತ್ತು. ಉಂಡವರಿಗೆ ಎಲೆ ಅಡಿಕೆ ಇಡುವುದು ಖಾನಾವಳಿಯ ರೀತಿ. ಎಲೆ ಸವಣೂರಿನದೇ ಆಗಬೇಕೆಂಬುದು ಅವ್ವನ ಹಟ. ಸಂತೆಗೊಮ್ಮೆ ಅವಳು ಹೋಗಿ ತರುತ್ತಿದ್ದಳು, ಜೊತೆಗೆ ಬುಟ್ಟಿ ಹೊರಲು ಅವನು. ಸಂತೆ ಮುಗಿಯುವವರೆಗೆ ಅವನು ಸವಣೂರಿನ ನಿಲ್ದಾಣದಲ್ಲೇ ಕುಳಿತಿರುತ್ತಿದ್ದ. ಒಂದು ದಿನ ಶಿಗ್ಗಾಂವದ ಬಸ್ ನಿಲ್ದಾಣದಿಂದ ಪೇಟೆಯ ನಡುವೆ, ತಲೆಯ ಮೇಲೆ ಎಲೆಬುಟ್ಟಿ ಹೊತ್ತು ಒದ್ದೆ ಗೋಣಿಯ ನೀರು ಕಿವಿಯ ಹಿಂದೆ ಇಳಿಯುತ್ತ ಬರುವಾಗ, ಹೈಸ್ಕೂಲಿನ ಹುಡುಗರು ನೋಡಿ ನಕ್ಕರು. ಮುಂದಿನ ಸಂತೆಗೆ ಅವನು ಹೊಟ್ಟೆನೋವು ಎಂದ. ಅದರ ಮುಂದಿನದಕ್ಕೆ ಬರುವುದಿಲ್ಲ ಎಂದೇ ಅಂದ. ಅವ್ವ ಒತ್ತಾಯ ಮಾಡಲಿಲ್ಲ. "ನಾ ಬರ್ತೇನಿ ಯವ್ವಾ" ಎಂದು ಮೈಲಾರಿ ಬುಟ್ಟಿ ಎತ್ತಿಕೊಂಡ. ಆ ದಿನದಿಂದ ಸವಣೂರಿನ ಸಂತೆ ಅವರಿಬ್ಬರದಾಯಿತು. ತಾನಾಗಿ ಕೊಟ್ಟದ್ದನ್ನು ಕಸಿದುಕೊಂಡರೆಂದು ಇಷ್ಟು ವರ್ಷ ಉರಿದುಕೊಂಡದ್ದು ನ್ಯಾಯವಲ್ಲ ಎಂದು ಅವನಿಗೂ ಗೊತ್ತು. ಹೊಟ್ಟೆಕಿಚ್ಚಿಗೆ ನ್ಯಾಯ ಗೊತ್ತಿಲ್ಲ.

"ಮದಲನೇ ಸಲ ನಾನೂ ಗಾಬರಿ ಆದೆ," ಎನ್ನುತ್ತಿದ್ದ ಮೈಲಾರಲಿಂಗಪ್ಪ. ಅವನ ದನಿ ತಗ್ಗಿತ್ತು, ನಡುನಡುವೆ ಮುಗುಳ್ನಗುತ್ತಿದ್ದ. "ಎಲಿ ಆರಿಸಿ ಕಟ್ಟಿಸಿಕೊಂಡು, ಆಚೆ ಈಚೆ ನೋಡಿ, ಒಂದು ಕಲ್ಲಿನಮ್ಯಾಲೆ ಕುಂತ್ಲು. ಚಾಂದಬಿ ಕೇಳದನ ಎಲಿಮ್ಯಾಲೆ ಎರಡು ಹಾಕಿ ಕೊಟ್ಲು. ಅಂದರ ಭಾಳ ದಿವಸದ ರೂಢಿ ಅಂತ ತಿಳಕೊಂಡೆ. ಸೆರಗಿನೊಳಗ ಕೈ ಹಾಕಿ ಲಿಂಗದ ಕರಡಿಗಿ ತಗದು, ಮದಲ ಲಿಂಗಕ್ಕ ತೋರಿಸಿದ್ಲು. ಆಮ್ಯಾಲೆ ಕಚ್ಚಿದ್ಲು ನೋಡು. ಕಣ್ಣಾಗ ನೀರು, ಮೂಗಿನ್ಯಾಗ ನೀರು, ಹಾ ಹೂ ಅಂತಾಳ, ಮತ್ತ ಕಚ್ಚತಾಳ, ನಗತಾಳ. ನಾ ಅಷ್ಟು ನಕ್ಕದ್ದ ಆಕಿನ್ನ ಎಲ್ಲೂ ನೋಡಿಲ್ಲ. 'ಮೈಲಾರಿ, ದಿನಾ ಊರ ಮಂದಿಗೆ ಮಾಡಿ ಹಾಕತೇನಿ, ಒಬ್ಬಾಕಿ ನನಗ ಬಿಸಿಬಿಸಿ ಮಾಡಿ ಕೊಡತಾಳಲ್ಲ, ಅದರ ರುಚಿನ ಬ್ಯಾರೆ' ಅಂದ್ಲು. 'ಊರಾಗ ಹೇಳಬ್ಯಾಡ' ಅಂದ್ಲು. ನಾ ಯಾರಿಗೂ ಹೇಳಿಲ್ಲ. ಇವತ್ತ ನಿನಗ ಹೇಳಾಕತ್ತೇನಿ."

ಸತ್ಯ ಎಂದು ಶಿದ್ಲಿಂಗಪ್ಪನಿಗೆ ಕೇಳುತ್ತಲೇ ಗೊತ್ತಾಯಿತು. ಸವಣೂರಿನಿಂದ ಬಂದ ಸಂಜೆಗಳಲ್ಲಿ ಅವ್ವನ ಸೆರಗಿಗೆ ಕರಿದ ಎಣ್ಣೆಯ ವಾಸನೆ ಇರುತ್ತಿತ್ತು. ಖಾನಾವಳಿಯ ಎಣ್ಣೆಯೇ ಎಂದುಕೊಂಡಿದ್ದ. ಆ ಸಂಜೆಗಳಲ್ಲಿ ಅವಳು ಹಗುರಾಗಿರುತ್ತಿದ್ದಳು, ಹಮಾಲರ ಮೇಲೆ ಚೇಷ್ಟೆ ಮಾಡುತ್ತಿದ್ದಳು, ತುಟಿ ಕೆಂಪಗಿರುತ್ತಿತ್ತು. ಎಲೆ ಅಡಿಕೆಯ ಕೆಂಪಲ್ಲ. ವಿಧವೆ, ಅವಳು ಎಲೆ ಹಾಕುತ್ತಿರಲಿಲ್ಲ. ಎಲ್ಲ ಸರಿಹೊಂದಿತು. ಸರಿಹೊಂದಿದ್ದೇ ಅವನಿಗೆ ತಡೆಯಲಾಗಲಿಲ್ಲ. ಇಪ್ಪತ್ತೇಳು ವರ್ಷ ಅವನು ಹುಡುಕಿದರೂ ಸಿಗದ ಒಂದು ತುತ್ತು, ಒಂದು ನಗು, ಊರಾಗ ಹೇಳಬ್ಯಾಡ ಎಂಬ ಒಂದು ಗುಟ್ಟಿನ ಮಾತು, ಎಲ್ಲವೂ ಈ ಮನುಷ್ಯನ ಹತ್ತಿರ ಇದ್ದವು. ಅವ್ವ ಸತ್ತ ಮೇಲೂ ಅವಳನ್ನು ಉಳಿಸಿಕೊಂಡವನು ಇವನೇ. ತನ್ನ ಪಾಲಿಗೆ ಬಂದದ್ದು ಮನೆ, ಬೋರ್ಡು, ಗಲ್ಲೆಯ ಕೀಲಿ.

"ಮಾಸ್ತರ," ಎಂದ ಶಿದ್ಲಿಂಗಪ್ಪ. ತನ್ನ ದನಿ ಇಷ್ಟು ಮೃದುವಾಗಿ ಬರುವುದು ಅವನಿಗೇ ಆಶ್ಚರ್ಯವಾಯಿತು. "ನಿಮಗ ಹೇಳಬಾರದು ಅಂತಿದ್ದೆ."

"ಏನು?"

"ಆಕಿ ನನ್ನ ಮುಂದ ಹೇಳಿದ್ಲು. ಸವಣೂರಿಂದ ಬಂದು ಸೀದಾ ಬಚ್ಚಲಕ್ಕ ಹೋಗತಿದ್ಲು. ತಲಿಮ್ಯಾಲೆ ನೀರು ಹಾಕ್ಕೊಂಡು ಬಂದು ಮತ್ತ ಲಿಂಗಪೂಜಿ ಮಾಡತಿದ್ಲು. ಯಾಕವ್ವಾ ಅಂದರ, 'ತಾಯಿ ಇಲ್ಲದ ಹುಡುಗ ನೋಡಪಾ, ಅದಕ್ಕ ತಿನ್ನೂ ಆಸೆ. ನಾ ಒಲ್ಲೆ ಅಂದರ ಅದೂ ತಿನ್ನೂದಿಲ್ಲ. ಅದರ ಸಲುವಾಗಿ ಸಂತಿಯಾಗಿಂದು ಬಾಯಾಗ ಹಾಕ್ಕೊಂಡೆ. ಲಿಂಗ ಕಟ್ಟಿದ ಮೈ, ಹೊಟ್ಟ್ಯಾಗ ಉರಿ ಬಿದ್ದಂಗ ಆಗೇತಿ' ಅಂತಿದ್ಲು. ನಿಮಗ ಗೊತ್ತಾಗಬಾರದು ಅಂತ ನನ್ನ ಕಡಿಂದ ಮಾತು ತಗೊಂಡಿದ್ಲು."

ಹೇಳುತ್ತಿದ್ದಾಗ ಅದು ಸುಳ್ಳು ಎಂದು ಅವನಿಗೆ ಅನ್ನಿಸಲಿಲ್ಲ. ಒದ್ದೆ ಕೂದಲ ಅವ್ವ ಬಚ್ಚಲಿನಿಂದ ಬಂದು ಅವನೊಬ್ಬನ ಮುಂದೆ ಕುಳಿತದ್ದನ್ನು ಅವನು ಕಂಡ. ಅವಳು ದನಿ ತಗ್ಗಿಸಿ ಅವನಿಗೊಬ್ಬನಿಗೇ ಹೇಳಿದ ಗುಟ್ಟನ್ನು ಕೇಳಿದ. ಎಂಥ ಸುಖವಿತ್ತು ಅದರಲ್ಲಿ. ಜೀವಮಾನದಲ್ಲಿ ಮೊದಲ ಸಲ ಅವ್ವ ಇನ್ನೊಬ್ಬನ ವಿಷಯವನ್ನು ತನ್ನ ಹತ್ತಿರ ಆಡಿದ್ದಳು. ಇನ್ನೂ ಎರಡು ಮಾತು ಆಡಿಸಬೇಕೆನ್ನಿಸಿತು. ಆದರೆ ಮೈಲಾರಲಿಂಗಪ್ಪನ ಮುಖ ನೋಡಿ ನಿಲ್ಲಿಸಿದ.

ಮೈಲಾರಲಿಂಗಪ್ಪ ಮೊದಲು ನಗಲು ನೋಡಿದ. "ಇಲ್ಲೋ ತಮ್ಮಾ," ಎಂದ. "ಚಾಂದಬಿ ಕೇಳದನ ಕೊಟ್ಲಂತೇನಿ."

"ಸಂತಿಯಾಗ ಕುಂತಾಕಿ, ಎಲ್ಲಾರಿಗೂ ಹಂಗ ಕೊಡತಾಳ. ಕೊಟ್ಟದ್ದು ಬಿಡಬಾರದು ಅಂತ ಇಸಕೊಂಡಿರಬೇಕು." ಉತ್ತರ ಎಷ್ಟು ಬೇಗ ಬಂತು. "ನಗೂದು ಮಾಡೂದು, ಎಲ್ಲಾ ನಿಮ್ಮ ಸಮಾಧಾನಕ್ಕ. ಆಕಿ ಸ್ವಭಾವ ನಿಮಗ ಗೊತ್ತಿಲ್ಲದ್ದೇನ್ರಿ? ಮಂದಿ ಮನಸ್ಸು ಮುರೀಬಾರದು ಅಂತ ಏನರ ನುಂಗತಿದ್ಲು."

ಈ ಕೊನೆಯ ಮಾತು ನಿಜವಾಗಿತ್ತು. ಅದರಿಂದಲೇ ಉಳಿದದ್ದೆಲ್ಲ ನಿಜವಾಗಿಬಿಟ್ಟಿತು. ಮೈಲಾರಲಿಂಗಪ್ಪ ತೊಡೆಯ ಮೇಲಿನ ಪೊಟ್ಟಣವನ್ನು ನೋಡಿದ. ಎಣ್ಣೆ ಅವನ ಬಿಳಿ ಧೋತರಕ್ಕೆ ಹತ್ತಿತ್ತು, ಅವನ ಲಕ್ಷ್ಯ ಇರಲಿಲ್ಲ.

"ಮೂರು ವರ್ಷ," ಎಂದ. "ಪ್ರತಿ ಸಂತಿಗೆ. ನಾನ ಕೈ ಹಿಡದು ಎಳಕೊಂಡು ಹೋಗತಿದ್ದೆ, ಭಜಿ ಆರತಾವು ಬಾ ಯವ್ವಾ ಅಂತ." ಆಮೇಲೆ, "ಮಡಿವಂತಿ ವ್ರತ ಕೆಡಿಸಿದೆ ನಾ," ಎಂದ. ವಾದ ಮಾಡಲಿಲ್ಲ. ವಾದ ಮಾಡಿದ್ದರೆ ಶಿದ್ಲಿಂಗಪ್ಪ ಬಹುಶಃ ಸೋಲುತ್ತಿದ್ದ. ಸೋಲಬೇಕೆಂದು ಒಳಗೊಳಗೇ ಕಾದಿದ್ದ ಕೂಡ. ಆದರೆ ಮಗ ಹೇಳಿದ ಮೇಲೆ ಮುಗಿಯಿತು ಎಂಬಂತೆ ಮೈಲಾರಲಿಂಗಪ್ಪ ಎದ್ದುನಿಂತ. ತಾನು ಹೊರಗಿನವನು ಎಂದು ಅವನು ಯಾವಾಗಲೂ ತಿಳಿದುಕೊಂಡೇ ಇದ್ದ ಎಂಬುದು ಶಿದ್ಲಿಂಗಪ್ಪನಿಗೆ ಆಗ ಹೊಳೆಯಿತು. ಇಷ್ಟು ವರ್ಷ ಗೆಲ್ಲಬೇಕೆಂದು ಹಲ್ಲು ಕಚ್ಚಿದವನಿಗೆ ಎದುರಾಳಿ ಮೊದಲಿನಿಂದಲೂ ಸೋತು ಕುಳಿತಿದ್ದ.

ನಡುಮನೆಯಲ್ಲಿ ಎಡೆ ಹಾಕಿದರು. ಗೋಡೆಗೆ ಒರಗಿಸಿದ ಮಣೆಯ ಮೇಲೆ ಹೊಸ ಇಳಕಲ್ಲ ಸೀರೆ, ಮುಂದೆ ತಂಬಿಗೆ, ಅದರ ಮುಂದೆ ಬಾಳೆಯೆಲೆ. ಸರೋಜವ್ವ ಅನ್ನ, ಸಾರು, ಬದನೆಕಾಯಿ ಪಲ್ಯ ಬಡಿಸಿ, ನಡುವೆ ಮಾದಲಿ ಹಾಕಿ ತುಪ್ಪ ಬಿಟ್ಟಳು. ಬಡಿಸುವಾಗ ಗಂಡನ ಮುಖವನ್ನೊಮ್ಮೆ ನೋಡಿದಳು. "ಮಾಸ್ತರ್ನ ಕೇಳಿದ್ರಿ?" ಎಂದು ಮೆಲ್ಲಗೆ ಕೇಳಿದಳು. "ಕೇಳಿದೆ. ಮಾದಲಿನ ಖರೆ ಅಂದ್ರು," ಎಂದ ಶಿದ್ಲಿಂಗಪ್ಪ. ಅದಕ್ಕೂ ನಾಲಗೆ ತಡವರಿಸಲಿಲ್ಲ. ಗುದ್ಲೆಪ್ಪ ಊದಿನಕಡ್ಡಿ ಹಚ್ಚಿ, ಅಕ್ಕಾ ಬಂದು ಉಣ್ಣು ಎಂದು ಕೈಮುಗಿದು, ಹಿರಿಯರು ಉಣ್ಣುವಾಗ ನೋಡಬಾರದೆಂದು ಎಲ್ಲರನ್ನೂ ಪಡಸಾಲೆಗೆ ಕರೆದುಕೊಂಡು ಬಂದು ಬಾಗಿಲು ಮುಂದೆ ಮಾಡಿದ. ನೋಡಬಾರದು. ಸತ್ತ ಮೇಲೂ ಅವ್ವ ಉಣ್ಣುವುದನ್ನು ನೋಡುವಂತಿಲ್ಲ. ನಗು ಬರುವಂಥ ಮಾತು. ಸೇರದ್ದನ್ನು ಬಡಿಸಿದರೆ ಹೊಸ್ತಿಲಿನವರೆಗೆ ಬಂದು ಹೊರಳಿಹೋಗುತ್ತಾರೆ. ಇಲ್ಲ, ಅವಳು ಹೊರಳಿಹೋಗುವವಳಲ್ಲ. ಮಗನ ಮನಸ್ಸು ಮುರಿಯಬಾರದೆಂದು ಕುಳಿತು ಮಾದಲಿಯನ್ನು ನುಂಗುತ್ತಿರಬಹುದು. ಶಿದ್ಲಿಂಗಪ್ಪನಿಗೆ ಅದು ಇನ್ನೂ ಕೆಟ್ಟದೆನ್ನಿಸಿತು.

ಬಾಗಿಲು ತೆರೆದ ಮೇಲೆ ಒಬ್ಬೊಬ್ಬರೇ ಅಡ್ಡಬಿದ್ದರು. ಮೈಲಾರಲಿಂಗಪ್ಪ ಕೊನೆಗೆ ಹೋದ. ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ತಪ್ಪಾತು ಯವ್ವಾ," ಎಂದ. "ನನಗ ತಿಳೀಲಿಲ್ಲ." ಗುದ್ಲೆಪ್ಪನಿಗೆ ಅದು ಸತ್ತವರ ಮುಂದೆ ಎಲ್ಲರೂ ಆಡುವ ಮಾತಿನಂತೆ ಕೇಳಿಸಿರಬೇಕು, ಅವನು ತಲೆದೂಗಿದ. ಊಟಕ್ಕೆ ಕುಳಿತಾಗ ಮೈಲಾರಲಿಂಗಪ್ಪ ಮಾದಲಿಯನ್ನು ಎರಡು ಸಲ ಹಾಕಿಸಿಕೊಂಡು, ಒಂದು ಕಾಳು ಬಿಡದೆ, ವ್ರತ ಮಾಡುವವನಂತೆ ಉಂಡ. ತನ್ನ ಬಾಯಿಗೆ ಯಾವಾಗಲೂ ರುಚಿಸುತ್ತಿದ್ದ ಮಾದಲಿಯನ್ನು ಶಿದ್ಲಿಂಗಪ್ಪ ಎಲೆಯ ಅಂಚಿಗೆ ಸರಿಸಿದ.

ಹಾನಗಲ್ಲ ಮೇಲೆ ಹೋಗುವ ಹಿರೇಕೆರೂರಿನ ಬಸ್ಸಿಗೆ ಮೈಲಾರಲಿಂಗಪ್ಪನನ್ನು ಕಳಿಸಲು ಶಿದ್ಲಿಂಗಪ್ಪನೇ ಹೋದ. ದಾರಿಯಲ್ಲಿ, ಕಾಳಿನ ಪೇಟೆಯ ಮುಂದೆ ಚೀಲಗಳ ನೆರಳಿನಲ್ಲಿ ಕುಳಿತಿದ್ದ ಹಮಾಲರಿಗೆ ಮೈಲಾರಲಿಂಗಪ್ಪ ಪೊಟ್ಟಣವನ್ನು ಕೊಟ್ಟುಬಿಟ್ಟ. ಅವರು ಬಿಚ್ಚಿ, ಆರಿದ್ದರೂ ಸ್ವಾದ ಅದಾವಲ್ರೀ ಮಾಸ್ತರ ಎಂದು ನಕ್ಕರು. ಮೈಲಾರಲಿಂಗಪ್ಪ ತಿರುಗಿ ನೋಡಲಿಲ್ಲ. ನಿಲ್ದಾಣದಲ್ಲಿ ಬಸ್ಸು ಬಂತು. ಹತ್ತುವ ಮುಂದೆ, ಬಾಗಿಲಿನ ಸರಳು ಹಿಡಿದುಕೊಂಡು, ಅವನು ಶಿದ್ಲಿಂಗಪ್ಪನ ಕಡೆ ಬಾಗಿದ.

"ಒಂದ ಮಾತು ಕೇಳತೇನಿ ತಮ್ಮಾ. ಆಕಿ ನಕ್ಕದ್ದು, ಅದೂ ನನ್ನ ಸಲುವಾಗಿನ ಏನು?"

ಕಂಡಕ್ಟರು ಸೀಟಿ ಊದುತ್ತಿದ್ದ. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು. ಬಾಯಿ ತೆರೆದ ಕೂಡ. ಆದರೆ ಬಾಗಿದ ಆ ಮುಖದಲ್ಲಿ ಇನ್ನೂ ಒಂದಿಷ್ಟು ಆಸೆ ಉಳಿದಿತ್ತು, ಸವಣೂರಿನ ಸಂತೆಯ ಬಿಸಿಲು ಇನ್ನೂ ಒಂದಿಷ್ಟು ಉಳಿದಿತ್ತು. ಅದನ್ನು ಅವನ ಹತ್ತಿರ ಬಿಡಲು ಶಿದ್ಲಿಂಗಪ್ಪನಿಗೆ ಆಗಲಿಲ್ಲ.

"ಹೌದ್ರಿ," ಎಂದ.

ಮೈಲಾರಲಿಂಗಪ್ಪ ತಲೆಯಾಡಿಸಿ ಒಳಗೆ ಹೋಗಿ ಕುಳಿತ. ಬಸ್ಸು ಹೋಯಿತು. ಶಿದ್ಲಿಂಗಪ್ಪ ಮರದ ಕೆಳಗಿನ ಬೆಂಚಿನ ಮೇಲೆ ಕುಳಿತ. ಈಗ ಅವ್ವ ಪೂರ್ತಿ ತನ್ನವಳು. ಅವಳಲ್ಲಿ ನನ್ನದೂ ಪಾಲಿದೆ ಎನ್ನುವವರು ಇನ್ನು ಹಿರೇಕೆರೂರಿನಲ್ಲೂ ಇಲ್ಲ. ಅವಸರವಿರಲಿಲ್ಲ. ಅವಳು ಉಣ್ಣುವುದನ್ನು ಸಾವಕಾಶವಾಗಿ ಒಮ್ಮೆ ನೋಡಬೇಕೆಂದು ಕಣ್ಣು ಮುಚ್ಚಿಕೊಂಡ. ಒಲೆಯ ಮುಂದೆ ಕೂರಿಸಿದ. ಕೈ ರೊಟ್ಟಿ ಬಡಿಯತೊಡಗಿತು. ಪಂಕ್ತಿಯಲ್ಲಿ ಕೂರಿಸಿದ, ಎದ್ದು ಸಾರಿನ ಪಾತ್ರೆ ಹುಡುಕಿದಳು. ಮಾದಲಿಯ ತಾಟನ್ನು ಮುಂದಿಟ್ಟ; ಅದನ್ನು ಅವನ ಕಡೆಗೇ ಸರಿಸಿದಳು. ಬಚ್ಚಲಿನಿಂದ ಬಂದ ಒದ್ದೆ ಕೂದಲ ಅವ್ವನನ್ನು ಕರೆದ. ಅವಳಿಗೆ ಮುಖವೇ ಇರಲಿಲ್ಲ. ಕೊನೆಗೆ ಅವನು ಕರೆಯದೆಯೇ, ಎಲೆ ಸಂತೆಯ ಮೂಲೆಯ ಕಲ್ಲಿನ ಮೇಲೆ ಅವಳು ಕುಳಿತಿದ್ದಳು. ಲಿಂಗಕ್ಕೆ ತೋರಿಸಿ ಕಚ್ಚಿದಳು, ಖಾರಕ್ಕೆ ಕಣ್ಣೀರು ಬಂತು, ಸೆರಗಿನಿಂದ ಮೂಗು ಒರೆಸಿಕೊಂಡು ನಕ್ಕಳು, ಮತ್ತೆ ಕಚ್ಚಿದಳು. ಅಲ್ಲಿ ಮಾತ್ರ ಅವಳು ತಿನ್ನುತ್ತಿದ್ದಳು. ಅದನ್ನು ಶಿದ್ಲಿಂಗಪ್ಪ ಎಂದೂ ನೋಡಿರಲಿಲ್ಲ. ನೋಡಿದವನು, ಅದು ಸುಳ್ಳೆಂದು ನಂಬಿಕೊಂಡು, ಹಾನಗಲ್ಲಿನ ದಾರಿಯಲ್ಲಿ ಹೋಗುತ್ತಿದ್ದ.